ಕೋಆನ್ ಹಿಡ್ಕೊಂಡು ಕೂರೋದು ಹೇಗೆ: ಉತ್ತರ ಹೇಳೋ ಚಟ ಇರೋರಿಗೆ ಒಂದು ಗೈಡು

ಝೆನ್, ಅಂದ್ರೆ ಚೀನಾ ಜಪಾನಿನ ಬೌದ್ಧ ಧ್ಯಾನ ಪರಂಪರೆ, ಅದರ ಮಾತು ಬಂತು ಅಂದ್ರೆ ಆಫೀಸ್ ಕ್ಯಾಂಟೀನಲ್ಲಿ ಯಾರಾದ್ರೂ ಒಬ್ರು "ಒಂದೇ ಕೈ ಚಪ್ಪಾಳೆ ಸದ್ದು ಹೇಗಿರತ್ತೆ ಹೇಳು ನೋಡೋಣ" ಅಂತ ಕೇಳೇ ಕೇಳ್ತಾರೆ, ಒಬ್ಬ ಬೆರಳನ್ನ ಅಂಗೈಗೆ ಟಪಟಪ ಬಡಿದು ತೋರಿಸ್ತಾನೆ, ಇನ್ನೊಬ್ಳು "ಮೌನ ಕಣೋ ಅದು, ಶೂನ್ಯ" ಅಂತಾಳೆ, ಎಲ್ರೂ ಹ್ಞೂಂ ಅಂದು ಟೀ ಮುಗಿಸಿ ವಾಪಸ್ ಸೀಟಿಗೆ. ಆ ಪ್ರಶ್ನೆ ಒಂದು ಕೋಆನ್, ಅದನ್ನ ಕೇಳಿದ್ದು ಜಪಾನಿನ ಹಕುಯಿನ್ ಅನ್ನೋ ಗುರು, 1686ರಲ್ಲಿ ಹುಟ್ಟಿ 1769ರಲ್ಲಿ ತೀರ್ಕೊಂಡವರು, ಅವರ ಶಿಷ್ಯರು ಇದನ್ನ ಹಿಡ್ಕೊಂಡು ತಿಂಗಳುಗಟ್ಟಲೆ, ಕೆಲವ್ರು ವರ್ಷಗಟ್ಟಲೆ ಕೂತಿದ್ದಾರೆ. ಹಾಗೆ ಕೂರೋದು ಅಂದ್ರೆ ಏನ್ ಮಾಡೋದು, ಬೆಂಗಳೂರಲ್ಲಿ ಕೆಲಸ ಮನೆ ಟ್ರಾಫಿಕ್ ಎಲ್ಲ ಇಟ್ಕೊಂಡು ಶುರು ಮಾಡೋದು ಹೇಗೆ, ಅಷ್ಟು ಮಾತ್ರ ಇಲ್ಲಿ ಹೇಳ್ತೀನಿ. ಝೆನ್ ಇತಿಹಾಸ ಪೂರ್ತಿ ಹೇಳೋಕೆ ಹೋಗಲ್ಲ.

ಆದ್ರೂ ಒಂಚೂರು ಹಿನ್ನೆಲೆ ಬೇಕು. ಕೋಆನ್ ಅಂದ್ರೆ ಹೆಚ್ಚಾಗಿ ಚೀನಾದ ಹಳೇ ಗುರು ಶಿಷ್ಯರ ನಡುವೆ ನಡೆದ ಸಣ್ಣ ಸಣ್ಣ ಮಾತುಕತೆ, ನಾಲ್ಕೈದು ಸಾಲು ಅಷ್ಟೆ, ಅದರಲ್ಲಿ ಗುರು ಏನೋ ಒಂದು ಹೇಳ್ತಾನೆ ಅಥವಾ ಮಾಡ್ತಾನೆ, ಅದು ಕೇಳಿದ ಪ್ರಶ್ನೆಗೆ ಸಂಬಂಧವೇ ಇಲ್ಲ ಅನ್ನಿಸತ್ತೆ. ಇವನ್ನ ಆಮೇಲೆ ಒಟ್ಟು ಮಾಡಿದ್ರು. 1125ರ ಹೊತ್ತಿಗೆ ಬಂದ ಹೆಕಿಗನ್‌ರೊಕುನಲ್ಲಿ 100 ಪ್ರಸಂಗ ಇದೆ, 1228ರಲ್ಲಿ ಮುಮೊನ್ ಅನ್ನೋ ಗುರು ಜೋಡಿಸಿದ ಮುಮೊನ್‌ಕನ್‌ನಲ್ಲಿ 48. ಹೊಸಬರಿಗೆ ಎರಡನೇದು ಸಾಕು, ಸಣ್ಣದು, ಪ್ರತಿ ಪ್ರಸಂಗದ ಕೆಳಗೆ ಮುಮೊನ್ ಅವರದ್ದು ಒಂದು ಟಿಪ್ಪಣಿ, ನಾಲ್ಕು ಸಾಲು ಪದ್ಯ. ಹೆಸರುಗಳನ್ನ ಹೆಚ್ಚಾಗಿ ಜಪಾನೀ ಉಚ್ಚಾರದಲ್ಲೇ ಬರೀತಿದ್ದೀನಿ, ಯಾಕಂದ್ರೆ ನಮ್ಮ ಕಡೆಗೆ ಈ ಅಭ್ಯಾಸ ಬಂದಿರೋದು ಆ ದಾರೀಲಿ. ಝೆನ್‌ನಲ್ಲೇ ಸೋತೋ ಪಂಗಡದವರು ಕೋಆನ್ ಹಿಡ್ಕೊಂಡು ಕೂರೋದಕ್ಕಿಂತ ಸುಮ್ನೆ ಕೂರೋದಕ್ಕೇ ಹೆಚ್ಚು ಒತ್ತು ಕೊಡ್ತಾರೆ, ಕೋಆನ್ ಅನ್ನೋದು ಮುಖ್ಯವಾಗಿ ರಿಂಝಾಯ್ ಪಂಗಡದ ಸರಕು.

ಈಗ ನಮ್ಮ ಕನ್ನಡದವರ ವಿಶೇಷ ತೊಂದರೆಗೆ ಬರೋಣ. ನಾವು ಒಗಟು ಬಿಡಿಸ್ಕೊಂಡು ಬೆಳೆದವರು. ಕನಕದಾಸರ ಮುಂಡಿಗೆ ಇದೆ, ಅಲ್ಲಮನ ಬೆಡಗಿನ ವಚನ ಇದೆ, ಓದಿದ ತಕ್ಷಣ ತಲೆ ಗಿರ್ರ್ ಅನ್ನತ್ತೆ, ಆದ್ರೆ ಹಿಂದೆಯೇ ಟೀಕೆ ಬರೆದವರು ಇದ್ದಾರೆ, ಈ ಪ್ರಾಣಿ ಅಂದ್ರೆ ಮನಸ್ಸು, ಆ ಮರ ಅಂದ್ರೆ ದೇಹ ಅಂತ ಒಂದೊಂದಾಗಿ ಬಿಚ್ಚಿ ಇಟ್ಟಿದ್ದಾರೆ. ಅಲ್ಲಮನೂ 12ನೇ ಶತಮಾನ, ಹೆಕಿಗನ್‌ರೊಕು ಕೂಡ ಅದೇ ಶತಮಾನದ್ದು, ಇಬ್ಬರನ್ನೂ ಒಂದೇ ಜಗುಲಿ ಮೇಲೆ ಕೂರಿಸ್ಬೇಕು ಅಂತ ಆಸೆ ಆಗೋದು ಸಹಜ. ಇದಕ್ಕೆ ಮೇಲಿಂದ ನಮ್ಮ ಮನೆಮನೆ ವೇದಾಂತ, ಟೀವಿ ಪ್ರವಚನ, ವಾಟ್ಸಾಪ್ ಫಾರ್ವರ್ಡು, ಎಲ್ಲ ಸೇರಿ ಯಾವ ಪ್ರಶ್ನೆ ಕೇಳಿದ್ರೂ "ಎಲ್ಲಾ ಒಂದೇ, ನೋಡೋನೂ ಅವನೇ, ನೋಡಿಸ್ಕೊಳ್ಳೋನೂ ಅವನೇ" ಅನ್ನೋ ಉತ್ತರ ನಾಲಿಗೆ ತುದೀಲಿ ರೆಡಿ ಇರತ್ತೆ. ಆ ಉತ್ತರ ತಪ್ಪು ಅಂತ ನಾನು ಹೇಳ್ತಿಲ್ಲ. ಕೋಆನ್ ಅಭ್ಯಾಸದಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ ಅಂತ ಹೇಳ್ತಿದ್ದೀನಿ. ಗುರು ಕೇಳೋದು ವಿವರಣೆ ಅಲ್ಲ, ತೋರಿಸು ಅಂತಾರೆ. ಆದ್ದರಿಂದ ಈ ಗೈಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸೂಚನೆ ಇದು: ಕೋಆನ್‌ಗೆ ಟೀಕೆ ಬರೀಬೇಡಿ, ಮನಸ್ಸಲ್ಲೂ ಬರೀಬೇಡಿ.

ಮೊದ್ಲು ಕೂರೋದು ಕಲೀರಿ, ಕೋಆನ್ ಆಮೇಲೆ. ಚಾಪೆ ಅಥವಾ ಜಮಖಾನ ಹಾಸಿ, ಮೇಲೆ ಗಟ್ಟಿ ದಿಂಬು ಒಂದನ್ನ ಮಡಚಿ ಇಡಿ, ಸೊಂಟ ಮಂಡಿಗಿಂತ ಎತ್ತರದಲ್ಲಿ ಇರ್ಬೇಕು, ಎರಡೂ ಮಂಡಿ ನೆಲ ಮುಟ್ಬೇಕು, ಇದು ಆದ್ರೆ ಬೆನ್ನು ತಾನಾಗೇ ನೆಟ್ಟಗೆ ನಿಲ್ಲತ್ತೆ. ಪದ್ಮಾಸನ ಬರಲ್ವಾ, ಚಕ್ಕಳಮಕ್ಕಳ ಹಾಕಿ, ಅದೂ ಆಗಲ್ವಾ, ಕುರ್ಚಿ ಮೇಲೆ ಬೆನ್ನು ಒರಗಿಸ್ದೆ ಕೂತ್ರೂ ನಡೆಯತ್ತೆ, ದಿನಾ ಔಟರ್ ರಿಂಗ್ ರೋಡಲ್ಲಿ ಎರಡೆರಡು ಗಂಟೆ ಕ್ಲಚ್ ತುಳಿಯೋರ ಮಂಡಿ ಹೇಗಿರತ್ತೆ ಅಂತ ಗೊತ್ತಿದೆ. ಕಣ್ಣು ಪೂರ್ತಿ ಮುಚ್ಬೇಡಿ, ಅರ್ಧ ತೆರೆದು ಮೂರಡಿ ಮುಂದಿನ ನೆಲ ನೋಡ್ತಾ ಇರಿ. ಇದು ನಮ್ಮವರಿಗೆ ವಿಚಿತ್ರ ಅನ್ನಿಸತ್ತೆ, ಧ್ಯಾನ ಅಂದ್ರೆ ಕಣ್ಮುಚ್ಚೋದು ಅಂತಲೇ ತಲೇಲಿ ಕೂತಿದೆ, ಆದ್ರೆ ಬೆಳಿಗ್ಗೆ 5.30ಗೆ ಕಣ್ಮುಚ್ಚಿ ಕೂತ್ರೆ ಹತ್ತು ನಿಮಿಷದಲ್ಲಿ ನಿದ್ದೆ, ಇಲ್ಲಾಂದ್ರೆ ಒಳಗೇ ಸಿನಿಮಾ. ಉಸಿರನ್ನ ಒಂದರಿಂದ ಹತ್ತರವರೆಗೆ ಎಣಿಸಿ, ತಪ್ಪಿದ್ರೆ ಮತ್ತೆ ಒಂದರಿಂದ. ಹನ್ನೆರಡು ಹದಿಮೂರಕ್ಕೆ ಹೋಗ್ಬಿಟ್ಟಿದ್ರೂ ಬೇಜಾರಿಲ್ಲ, ವಾಪಸ್ ಬನ್ನಿ. ಒಂದು ಸಲಕ್ಕೆ 25 ನಿಮಿಷ ಕೂತ್ರೆ ಸಾಕು, ಹಿಂದೆ ಊದಿನಕಡ್ಡಿ ಉರಿದು ಮುಗಿಯೋ ಹೊತ್ತನ್ನ ಲೆಕ್ಕ ಹಿಡೀತಿದ್ರು, ನಮ್ಮ ಊದಿನಕಡ್ಡಿ ಒಂದೊಂದು ಬ್ರಾಂಡಿಗೆ ಒಂದೊಂದು ಟೈಮ್ ಉರಿಯತ್ತೆ, ಫೋನ್ ಟೈಮರ್ರೇ ವಾಸಿ, ಏರೋಪ್ಲೇನ್ ಮೋಡ್ ಹಾಕಿ ದೂರ ಇಡಿ. ಎಣಿಕೆ ತಕ್ಕಮಟ್ಟಿಗೆ ನಿಲ್ಲೋವರೆಗೂ, ಅಂದ್ರೆ ಕೆಲವು ವಾರ, ಇದನ್ನೇ ಮಾಡಿ. ಇದು ಬೋರು, ಗೊತ್ತು.

ಆಮೇಲೆ ಯಾವ ಕೋಆನ್ ತಗೊಳ್ಳೋದು? ಪರಂಪರೇಲಿ ಅದನ್ನ ಗುರು ಕೊಡ್ತಾರೆ, ನೀವು ಮೆನು ಕಾರ್ಡ್ ನೋಡಿ ಆರಿಸ್ಕೊಳ್ಳಲ್ಲ. ಮೊದಲನೇದು ಬಹುಪಾಲು ಜನರಿಗೆ ಮುಮೊನ್‌ಕನ್‌ನ ಮೊದಲ ಪ್ರಸಂಗವೇ. ಒಬ್ಬ ಭಿಕ್ಷು ಜೋಶು ಅನ್ನೋ ಗುರುವನ್ನ ಕೇಳ್ತಾನೆ, ನಾಯಿಗೂ ಬುದ್ಧಸ್ವಭಾವ, ಅಂದ್ರೆ ಬುದ್ಧ ಆಗೋ ಗುಣ, ಇದೆಯಾ? ಜೋಶು ಹೇಳ್ತಾರೆ: ಮು. ಇಲ್ಲ ಅಂತ ಅರ್ಥ. ಅಷ್ಟೇ ಪ್ರಸಂಗ, ಮುಗೀತು. ಶಾಸ್ತ್ರ ಪ್ರಕಾರ ಎಲ್ಲ ಜೀವಿಗೂ ಬುದ್ಧಸ್ವಭಾವ ಇದ್ದೇ ಇದೆ, ಅಂದ್ಮೇಲೆ ಇವರು ಯಾಕೆ ಇಲ್ಲ ಅಂದ್ರು ಅಂತ ನೀವು ಲಾಜಿಕ್ ಹಾಕೋಕೆ ಶುರು ಮಾಡ್ತೀರಿ. ಅದಕ್ಕೇ ಇದನ್ನೂ ಹೇಳ್ಬಿಡ್ತೀನಿ, ಇನ್ನೊಂದು ಸಂಗ್ರಹದಲ್ಲಿ ಇದೇ ಜೋಶು ಇದೇ ಪ್ರಶ್ನೆಗೆ ಒಬ್ಬನಿಗೆ ಇದೆ ಅಂತಾರೆ, ಇನ್ನೊಬ್ಬನಿಗೆ ಇಲ್ಲ ಅಂತಾರೆ. ಇದೆ ಇಲ್ಲ ಎರಡೂ ಕಡೆ ಬಾಗಿಲು ಹಾಕಿದ್ಮೇಲೆ ಲಾಜಿಕ್ಕಿಗೆ ನಿಲ್ಲೋಕೆ ಜಾಗ ಇಲ್ಲ. ನಮ್ಮ ಬೀದಿಗಳಲ್ಲಿ ಅಂತೂ ಬೆಳಿಗ್ಗೆ ನೀವು ಕೂತ ಹೊತ್ತಿಗೆ ಸರಿಯಾಗಿ ಪೇಪರ್ ಹುಡುಗನ ಬೈಕ್ ಹಿಂದೆ ಐದಾರು ನಾಯಿ ಬೊಗಳ್ಕೊಂಡು ಓಡ್ತಿರ್ತಾವೆ, ಪ್ರಶ್ನೆ ಹೊರಗಿಂದಲೇ ಬರತ್ತೆ.

ಕೂತಾಗ ಮಾಡ್ಬೇಕಾದ್ದು ಇಷ್ಟು. ಉಸಿರು ಬಿಡುವಾಗ ಒಳಗೇ "ಮೂ..." ಅನ್ನಿ, ಉದ್ದಕ್ಕೆ, ಹೊಕ್ಕುಳ ಕೆಳಗಿನ ಹೊಟ್ಟೆಯಿಂದ, ಉಸಿರು ಪೂರ್ತಿ ಖಾಲಿ ಆಗೋವರೆಗೂ. ಉಸಿರು ತಾನಾಗಿ ಒಳಗೆ ಬರಲಿ. ಮತ್ತೆ "ಮೂ...". ಸ್ವಲ್ಪ ದಿನ ಇದು ಬರೀ ಜಪದ ಥರ ಇರತ್ತೆ, ರಾಮನಾಮಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಅನ್ನಿಸತ್ತೆ. ವ್ಯತ್ಯಾಸ ಇದೆ: ಜಪದಲ್ಲಿ ಹೆಸರಿನ ಮೇಲೆ ಭಕ್ತಿ ಇಟ್ಟು ಒರಗ್ತೀರಿ, ಇಲ್ಲಿ ಒರಗೋಕೆ ಬಿಡಬಾರದು, ಪ್ರತಿ "ಮು" ಹಿಂದೆ ಏನಿದು, ಏನಿದು ಅನ್ನೋ ತಳಮಳ ಇರ್ಬೇಕು. ಯಾರದೋ ಮುಖ ಕಣ್ಮುಂದೆ ಇದೆ, ಹೆಸರು ಬಾಯಿಗೆ ಬಂದ್ಹಾಗಿದೆ, ಬರ್ತಿಲ್ಲ, ಆಗ ಒಳಗೆ ಒಂದು ಒದ್ದಾಟ ಆಗತ್ತಲ್ಲ, ಆ ಒದ್ದಾಟವೇ ಇಲ್ಲಿ ಬೇಕಾಗಿರೋದು. ಇದಕ್ಕೆ ಮಹಾಸಂಶಯ ಅಂತಾರೆ. 13ನೇ ಶತಮಾನದ ಗಾವ್‌ಫೆಂಗ್ ಅನ್ನೋ ಚೀನೀ ಗುರು ಮೂರು ಬೇಕು ಅಂದಿದ್ರು, ದೊಡ್ಡ ನಂಬಿಕೆ, ದೊಡ್ಡ ಸಂಶಯ, ದೊಡ್ಡ ಛಲ. ನಮ್ಮ ಕಡೆ ನಂಬಿಕೆ ಛಲ ಎರಡಕ್ಕೂ ಬರ ಇಲ್ಲ, ಸಂಶಯ ಅಂದ್ರೆ ಮಾತ್ರ ಅಶ್ರದ್ಧೆ ಅಂತ ಮುಖ ತಿರುಗಿಸ್ತೀವಿ.

ಮುಮೊನ್ ಈ ಮೊದಲ ಪ್ರಸಂಗಕ್ಕೆ ಬರೆದ ಟಿಪ್ಪಣಿ ಓದ್ಲೇಬೇಕು. ನಿನ್ನ 360 ಮೂಳೆ, 84,000 ರೋಮರಂಧ್ರ ಎಲ್ಲ ಸೇರಿ ಸಂಶಯದ ಒಂದೇ ಗಡ್ಡೆ ಆಗ್ಬೇಕು ಅಂತಾರೆ, ಕೆಂಪಗೆ ಕಾದ ಕಬ್ಬಿಣದ ಗುಂಡು ನುಂಗಿದ್ಹಾಗೆ, ಉಗುಳೋಣ ಅಂದ್ರೂ ಆಗಲ್ಲ. ಇದು ಅವರಿಗೆ ಅಲಂಕಾರದ ಮಾತಲ್ಲ, ಅವರೇ ಇದೊಂದು "ಮು" ಹಿಡ್ಕೊಂಡು ಆರು ವರ್ಷ ಕೂತಿದ್ರು, ಕೊನೆಗೆ ಒಂದು ದಿನ ಊಟದ ಹೊತ್ತಿನ ನಗಾರಿ ಬಡಿದ ಸದ್ದು ಕೇಳಿ ಆ ಸಂಶಯದ ಗಡ್ಡೆ ಒಡೀತು ಅಂತ ಪರಂಪರೆ ಹೇಳತ್ತೆ. ವೀಕೆಂಡ್ ವರ್ಕ್‌ಶಾಪಲ್ಲಿ ಕೋಆನ್ ಮುಗಿಸಿಕೊಡ್ತೀವಿ ಅನ್ನೋರು ಸಿಕ್ಕಿದ್ರೆ ಈ ಆರು ವರ್ಷ ನೆನಪಿಸ್ಕೊಳ್ಳಿ.

ಗುರು ಇನ್ನೂ ಸಿಕ್ಕಿಲ್ಲ, ಒಬ್ಬರೇ ಕೂರ್ತೀರಿ ಅಂದ್ರೆ ನನ್ನ ಶಿಫಾರಸು ಮು ಅಲ್ಲ. ಬಸ್ಸುಯಿ ಅಂತ 14ನೇ ಶತಮಾನದ ಜಪಾನೀ ಗುರು ಒಬ್ರು ಇದ್ರು, ಅವರು ಎಲ್ರಿಗೂ ಕೊಡ್ತಿದ್ದ ಪ್ರಶ್ನೆ: ಈ ಸದ್ದು ಕೇಳಿಸ್ಕೊಳ್ತಿರೋದು ಯಾರು? ಬೆಂಗಳೂರಿಗೆ ಹೇಳಿ ಮಾಡಿಸಿದ ಕೋಆನ್ ಇದು. ಪಕ್ಕದ ಸೈಟಲ್ಲಿ ಬೋರ್‌ವೆಲ್ ಕೊರೀತಿದ್ದಾರೆ, ಮೇಲಿನ ಮನೇಲಿ ಮಿಕ್ಸಿ, ಕೆಳಗೆ ಟ್ಯಾಂಕರ್‌ನವನು ಪೈಪ್ ಎಳೀತಿದ್ದಾನೆ, ಶಾಂತಿ ಇಲ್ಲ ಧ್ಯಾನ ಹೇಗೆ ಮಾಡ್ಲಿ ಅನ್ನೋ ಗೋಳು ಈ ಪ್ರಶ್ನೆಗೆ ಅನ್ವಯವೇ ಆಗಲ್ಲ, ಸದ್ದು ಜಾಸ್ತಿ ಆದಷ್ಟೂ ಕಚ್ಚಾ ಮಾಲು ಜಾಸ್ತಿ. ಮಿಕ್ಸಿ ಶುರುವಾಯ್ತು, ಕೇಳಿಸ್ತು. ಕೇಳಿಸಿದ್ದು ಯಾರಿಗೆ? ಕಿವಿಗೆ ಅಂತ ಒಂದು ಉತ್ತರ ಬರತ್ತೆ, ಬಿಡಿ. ಮಿದುಳಿಗೆ ಅಂತ ಬರತ್ತೆ, ಬಿಡಿ. ನನಗೆ ಅಂತ ಬರತ್ತೆ, ಆ ನಾನು ಎಲ್ಲಿದ್ದಾನೆ ನೋಡಿ. ಆತ್ಮಕ್ಕೆ ಅಂತ ಬರತ್ತೆ, ಇದೊಂದು ನಮ್ಮವರಿಗೆ ಬಿಡೋಕೆ ಕಷ್ಟ, ಆದ್ರೂ ಬಿಡಿ. ಮಿಕ್ಸಿ ನಿಂತ ಕ್ಷಣ ಇನ್ನೂ ಸೂಕ್ಷ್ಮ, ಆಗ ಕೇಳಿಸ್ಕೊಳ್ಳೋನು ಎಲ್ಲಿ ಹೋದ? ರಮಣ ಮಹರ್ಷಿಗಳ "ನಾನು ಯಾರು" ಓದಿದವರಿಗೆ ಇದೆಲ್ಲ ಕೇಳಿದ್ಹಾಗೇ ಇದೆಯಲ್ಲ ಅನ್ನಿಸತ್ತೆ, ಹೌದು ತುಂಬಾ ಹತ್ತಿರ, ತಿರುವಣ್ಣಾಮಲೈಗೆ ಹೋಗಿ ಬರೋ ಅಭ್ಯಾಸ ಇದ್ದವರು ಅರ್ಧ ದಾರಿ ಬಂದ್ಹಾಗೇ. ಆದ್ರೆ ಅಲ್ಲಿನ ಪುಸ್ತಕದ ತೀರ್ಮಾನಗಳನ್ನ ಇಲ್ಲಿಗೆ ಹೊತ್ಕೊಂಡು ಬರ್ಬೇಡಿ.

ಒಂದು ಕೋಆನ್ ಅಂದ್ರೆ ಒಂದೇ. ಇವತ್ತು ಮು, ನಾಳೆ ಒಂದು ಕೈ, ನಾಡಿದ್ದು ಇನ್ನೊಂದು ಅಂತ ಜಿಗಿದ್ರೆ ಒಂದೂ ಕಾಯಲ್ಲ. ಮುಮೊನ್‌ಕನ್‌ನ 48ನ್ನೂ ಒಂದೇ ಭಾನುವಾರ ಜೋಕ್ ಬುಕ್ ಥರ ಓದಿ ಮುಗಿಸ್ಬೇಡಿ ಅಂತ ಹೇಳಿದ್ರೂ ನೀವು ಓದ್ತೀರಿ, ಓದಿ, ತೊಂದ್ರೆ ಇಲ್ಲ, ಆದ್ರೆ ಅದು ಓದು, ಅಭ್ಯಾಸ ಅಲ್ಲ. ಓದೋವಾಗ ನನಗೆ ಇವತ್ತಿಗೂ ಖುಷಿ ಕೊಡೋದು 12ನೇ ಪ್ರಸಂಗ. ಝುಯಿಗನ್ ಅನ್ನೋ ಗುರು ದಿನಾ ತನ್ನನ್ನೇ ತಾನು ಕೂಗ್ತಿದ್ರಂತೆ, "ಯಜಮಾನ್ರೇ!" ತಾನೇ "ಹಾಂ" ಅಂತ ಓಗೊಡೋದು. "ಎಚ್ಚರವಾಗಿರಿ!" "ಹೂಂ." "ಯಾರ ಕೈಲೂ ಮೋಸ ಹೋಗ್ಬೇಡಿ!" "ಇಲ್ಲ, ಇಲ್ಲ." ಇದನ್ನ ಬಸ್ಸಲ್ಲಿ ಗಟ್ಟಿಯಾಗಿ ಟ್ರೈ ಮಾಡ್ಬೇಡಿ. 38ನೇದು ಎಮ್ಮೆದು, ಎಮ್ಮೆ ಕಿಟಕಿಯಿಂದ ಆಚೆ ಹೋಗ್ತಿದೆ, ಕೊಂಬು ತಲೆ ನಾಲ್ಕೂ ಕಾಲು ಎಲ್ಲ ಹೋಯ್ತು, ಬಾಲ ಮಾತ್ರ ಯಾಕೆ ಹೋಗ್ಲಿಲ್ಲ? ಇದು ಕಷ್ಟದ ಕೋಆನ್‌ಗಳ ಪಟ್ಟೀಲಿ ಇರೋದು, ಹೊಸಬರು ಬಾಲ ಹಿಡ್ಕೊಂಡು ಕೂರೋದು ಬೇಡ.

ಕೂರೋದು ಬಿಟ್ಟು ಉಳಿದ ಹೊತ್ತಲ್ಲಿ ಏನು ಮಾಡೋದು ಅನ್ನೋದಕ್ಕೆ 7ನೇ ಪ್ರಸಂಗ ನೋಡಿ. ಹೊಸ ಭಿಕ್ಷು ಬಂದು ಜೋಶುಗೆ, ನಾನು ಈಗಷ್ಟೆ ಮಠಕ್ಕೆ ಸೇರಿದ್ದೀನಿ, ಏನಾದ್ರೂ ಉಪದೇಶ ಮಾಡಿ ಅಂತಾನೆ. ಜೋಶು ಕೇಳ್ತಾರೆ, ಗಂಜಿ ಕುಡಿದ್ಯಾ? ಆಯ್ತು ಅಂತಾನೆ. ಹಾಗಾದ್ರೆ ಹೋಗಿ ಬಟ್ಟಲು ತೊಳಿ. ನಮ್ಮೂರಲ್ಲಿ "ತಿಂಡಿ ಆಯ್ತಾ" ಅಂತ ಲಿಫ್ಟಲ್ಲಿ ಸಿಕ್ಕಿದವರೆಲ್ಲ ಕೇಳ್ತಾರೆ, ಯಾರೂ ಅದನ್ನ ಉಪದೇಶ ಅಂದ್ಕೊಳ್ಳಲ್ಲ. ಇದನ್ನ ಓದಿ "ಓ, ವರ್ತಮಾನದಲ್ಲಿ ಬದುಕು ಅಂತ ಅರ್ಥ" ಅನ್ನೋದು ಮತ್ತೆ ಟೀಕೆಯೇ. ಅದರ ಬದಲು ರಾತ್ರಿ ಆಫೀಸಿಂದ ಬಂದು ಬ್ಯಾಗಿಂದ ಡಬ್ಬಿ ತೆಗೀರಿ. ಮುಚ್ಚಳ ಬಿಚ್ಚಿದ ತಕ್ಷಣ ಮಧ್ಯಾಹ್ನದ ಚಿತ್ರಾನ್ನದ ವಾಸನೆ ಸ್ವಲ್ಪ ಹುಳಿಯಾಗಿ ಮೂಗಿಗೆ ಬಡಿಯತ್ತೆ, ರಬ್ಬರ್ ರಿಂಗ್ ಸಂದೀಲಿ ಎರಡು ಸಾಸಿವೆ ಸಿಕ್ಕಾಕ್ಕೊಂಡಿರತ್ತೆ, ಅರಿಶಿನದ ಹಳದಿ ಮೂಲೇಲಿ ಹಿಡ್ದಿರತ್ತೆ, ಸೋಪು ಹಾಕಿ ಬೆರಳ ತುದಿಯಿಂದ ಆ ಮೂಲೆ ಉಜ್ಜಿ. ಉಜ್ಜುವಾಗ ಆಡಿಯೋಬುಕ್ ಬೇಡ, ಕೋಆನ್ ಬಗ್ಗೆ ಯೋಚನೆಯೂ ಬೇಡ. ಉಜ್ಜುತ್ತಿರೋದು ಯಾರು ಅನ್ನೋದು ತಾನಾಗಿ ಮೇಲೆ ಬಂದ್ರೆ ಬರಲಿ, ಬರದಿದ್ರೆ ಡಬ್ಬಿ ಕ್ಲೀನ್ ಆಯ್ತಲ್ಲ ಸಾಕು. ಒಂದು ಎಚ್ಚರಿಕೆ, ಟೂ ವೀಲರ್ ಓಡಿಸುವಾಗ ಮು ಬೇಡ, ಆಗ ರೋಡ್ ಹಂಪೇ ಕೋಆನ್.

ಈಗ ಗುರು ವಿಚಾರ, ಇದಿಲ್ದೆ ಕೋಆನ್ ಅಭ್ಯಾಸ ಪೂರ್ತಿ ಆಗಲ್ಲ. ಗುರುವಿನ ಜೊತೆ ಒಬ್ಬೊಬ್ಬರೇ ಭೇಟಿ ಮಾಡೋದಕ್ಕೆ ದೊಕುಸನ್ ಅಂತಾರೆ. ಹೊರಗೆ ಸಾಲಲ್ಲಿ ಕೂತಿರ್ತೀರಿ, ಸರದಿ ಬಂದಾಗ ಮುಂದಿಟ್ಟ ಗಂಟೆ ಬಡಿದು ಎದ್ದು ಹೋಗ್ಬೇಕು, ಒಳಗೆ ನಮಸ್ಕಾರ ಮಾಡಿ ಗುರುವಿನ ಎದುರು ತೀರಾ ಹತ್ರ ಮಂಡಿಯೂರಿ ಕೂತು, ನನ್ನ ಕೋಆನ್ ಇದು ಅಂತ ಹೇಳ್ಬೇಕು. ಆಮೇಲೆ ತೋರಿಸ್ಬೇಕು. ನಮ್ಮಲ್ಲಿ ಓದಿಕೊಂಡವರು ಹೋದ್ರೆ ಇಲ್ಲೇ ಶುರು ಮಾಡ್ಕೋತಾರೆ, ನಾಯಿಯೂ ನಾನೂ ಒಂದೇ ಚೈತನ್ಯ, ಇದೆ ಇಲ್ಲ ಅನ್ನೋ ದ್ವಂದ್ವ ಮೀರಿ... ಅಷ್ಟರಲ್ಲಿ ಗುರು ಪಕ್ಕದ ಕೈಗಂಟೆ ಎತ್ತಿ ಅಲ್ಲಾಡಿಸ್ತಾರೆ. ಅಂದ್ರೆ ಮುಗೀತು, ಏಳು. ವಾದ ಮಾಡೋಕೆ ಅವಕಾಶ ಇಲ್ಲ, ಮುಂದಿನವರು ಆಗಲೇ ಗಂಟೆ ಬಡಿದಾಯ್ತು. ಒಟ್ಟು ಒಂದೆರಡು ನಿಮಿಷವೂ ಆಗಿರಲ್ಲ. ಮತ್ತೆ ದಿಂಬಿನ ಮೇಲೆ ಹೋಗಿ ಕೂತು ಮುಂದಿನ ಸಲಕ್ಕೆ ಕಾಯೋದು. ಹೀಗೆ ತಿರಸ್ಕಾರ ಮಾಡೋದೇ ಈ ಪದ್ಧತಿಯ ಎಂಜಿನ್ನು, ತಲೇಲಿ ಇರೋ ಉತ್ತರಗಳೆಲ್ಲ ಒಂದೊಂದಾಗಿ ಖಾಲಿ ಆಗ್ಬೇಕಲ್ಲ, ಅದಕ್ಕೆ. ಏನೋ ಒಂದು ನಿಜವಾಗಿ ತೋರಿಸಿದ್ರಿ ಅನ್ನಿ, ಆಗಲೂ ಬಿಡಲ್ಲ, ಆ ಮು ಎಷ್ಟು ಎತ್ತರ ಇದೆ ಅಂತ ಅಡ್ಡ ಪ್ರಶ್ನೆಗಳು ಶುರು, ಕಂಠಪಾಠ ಮಾಡಿ ಬಂದವರು ಅಲ್ಲೇ ಸಿಕ್ಕಿ ಬೀಳ್ತಾರೆ. 1916ರಲ್ಲೇ ಜಪಾನಲ್ಲಿ ಕೋಆನ್ ಉತ್ತರಗಳ ಗೈಡ್ ಥರದ ಪುಸ್ತಕ ಒಂದು ಅಚ್ಚಾಗಿತ್ತು, ದೊಡ್ಡ ಗಲಾಟೆಯೂ ಆಯ್ತು, ಆದ್ರೆ ಅಭ್ಯಾಸವೇನೂ ನಿಂತು ಹೋಗ್ಲಿಲ್ಲ. ನಿಮ್ಮ ಕೋಆನ್, ಅದಕ್ಕೆ ನೀವು ತೋರಿಸಿದ್ದು, ಗುರು ಹೇಳಿದ್ದು, ಇದನ್ನ ಬೇರೆಯವರ ಹತ್ರ ಚರ್ಚೆ ಮಾಡೋ ಹಾಗಿಲ್ಲ. ಸ್ಟೇಟಸ್ ಹಾಕೋ ಹಾಗಂತೂ ಇಲ್ವೇ ಇಲ್ಲ.

ಮೈ ಮನಸ್ಸಿನ ಎಚ್ಚರಿಕೆ ಒಂದಿಷ್ಟು. ಜಾಸ್ತಿ ಹೊತ್ತು ಕೂತಾಗ ಗೋಡೆ ಅಲ್ಲಾಡಿದ್ಹಾಗೆ, ಬೆಳಕು ಕಂಡ್ಹಾಗೆ, ಯಾರೋ ಕರೆದ್ಹಾಗೆ ಆಗೋದುಂಟು, ಇದನ್ನ ಮಕ್ಯೋ ಅಂತಾರೆ, ಕುಂಡಲಿನಿ ಎದ್ಬಿಟ್ಲು ಅಂತ ಅಮ್ಮನಿಗೆ ಫೋನ್ ಮಾಡ್ಬೇಡಿ, ಗಮನ ಕೊಡದೆ ಕೋಆನ್‌ಗೆ ವಾಪಸ್ ಬನ್ನಿ. ಛಲ ಅತಿಯಾಗಿ ಹೊಡೆದಾಡಿದ್ರೆ ಏನಾಗತ್ತೆ ಅನ್ನೋಕೆ ಹಕುಯಿನ್ ಅವರೇ ಸಾಕ್ಷಿ, ವಯಸ್ಸಲ್ಲಿ ತಲೆಗೆ ಬಿಸಿ ಏರಿ, ಕಾಲು ಐಸ್ ಆಗಿ, ನಿದ್ದೆ ಕೆಟ್ಟು, ಕೊನೆಗೆ ಕ್ಯೋಟೋ ಹತ್ರದ ಬೆಟ್ಟದಲ್ಲಿ ಒಬ್ಬ ಸನ್ಯಾಸಿಯಿಂದ ಒಂದು ಉಪಾಯ ಕಲಿತೆ ಅಂತ ಅವರೇ ಬರೆದಿದ್ದಾರೆ. ಉಪಾಯ ಚೆನ್ನಾಗಿದೆ: ನೆತ್ತಿ ಮೇಲೆ ಮೊಟ್ಟೆ ಗಾತ್ರದ ಘಮಘಮ ಬೆಣ್ಣೆ ಉಂಡೆ ಇದೆ ಅಂದ್ಕೊಳ್ಳಿ, ಅದು ಮೈ ಬಿಸಿಗೆ ಕರಗಿ ಹೆಗಲು, ಎದೆ, ಹೊಟ್ಟೆ, ತೊಡೆ, ಪಾದದವರೆಗೂ ನಿಧಾನಕ್ಕೆ ಇಳೀತಿದೆ. ಎಣ್ಣೆ ಸ್ನಾನ ಮಾಡಿ ಬೆಳೆದ ನಮಗೆ ಇದನ್ನ ಕಲ್ಪಿಸ್ಕೊಳ್ಳೋದು ಕಷ್ಟ ಇಲ್ಲ, ಎದೆ ಹಿಡ್ಕೊಂಡ್ಹಾಗೆ ಆದ ದಿನ ಕೋಆನ್ ಪಕ್ಕಕ್ಕಿಟ್ಟು ಇದನ್ನೇ ಮಾಡಿ. ಆದ್ರೆ ರಾತ್ರಿಯಿಡೀ ನಿದ್ದೆ ಇಲ್ಲ, ಭಯ ಬಿಡ್ತಿಲ್ಲ, ಕೆಲಸಕ್ಕೆ ಹೋಗೋಕೆ ಆಗ್ತಿಲ್ಲ ಅಂದ್ರೆ ಬೆಣ್ಣೆ ಸಾಲಲ್ಲ, ಡಾಕ್ಟರ್ ಹತ್ರ ಹೋಗಿ, ನಿಮ್ಹಾನ್ಸ್ ನಮ್ಮೂರಲ್ಲೇ ಇದೆ. ಈಗಾಗಲೇ ಮಾನಸಿಕ ತೊಂದರೆಗೆ ಮಾತ್ರೆ ತಗೊಳ್ತಿರೋರು ಕೇಳಿಯೇ ಶುರು ಮಾಡಿ, ಕೋಆನ್ ಥೆರಪಿ ಅಲ್ಲ.

ಎಲ್ಲಿಗೆ ಹೋಗೋದು? ಬೆಂಗಳೂರಲ್ಲಿ ಬೌದ್ಧ ವಾತಾವರಣದಲ್ಲಿ ಸುಮ್ನೆ ಕೂತು ರೂಢಿ ಮಾಡ್ಕೊಳ್ಳೋಕೆ ಗಾಂಧಿನಗರದ ಮಹಾಬೋಧಿ ಸೊಸೈಟಿ ಇದೆ, 1956ರಿಂದ ಇದೆ, ಅದು ಥೇರವಾದದ, ಅಂದ್ರೆ ಶ್ರೀಲಂಕಾ ಬರ್ಮಾ ಕಡೆಯ ಬೌದ್ಧ ಪಂಗಡದ, ಜಾಗ, ಅಲ್ಲಿ ಕೋಆನ್ ಕೇಳ್ಬೇಡಿ. ಕೋಆನ್‌ಗೆ ಅಂತಲೇ ಹೋಗೋದಾದ್ರೆ ನಮಗೆ ಹತ್ತಿರದ್ದು ಕೊಡೈಕೆನಾಲ್ ಸಮೀಪ ಪೆರುಮಾಳ್‌ಮಲೈನಲ್ಲಿರೋ ಬೋಧಿ ಝೆಂಡೋ, ಜೆಸ್ವಿಟ್ ಪಾದ್ರಿ ಆಗಿದ್ದುಕೊಂಡೇ ಜಪಾನಿನ ಕಾಮಾಕುರಾದಲ್ಲಿ ಯಮಾದಾ ಕೋಉನ್ ಅವರ ಹತ್ರ ಝೆನ್ ಕಲಿತ ಆಮಾ ಸಾಮಿ ಅವರು 1996ರಲ್ಲಿ ಶುರು ಮಾಡಿದ್ದು. ಕ್ರೈಸ್ತ ಪಾದ್ರಿ, ಬೌದ್ಧ ಅಭ್ಯಾಸ, ತಮಿಳುನಾಡಿನ ಬೆಟ್ಟ, ಇದೇನಪ್ಪಾ ಕಾಂಬಿನೇಶನ್ ಅನ್ನಿಸಿದ್ರೆ ಝೆನ್‌ಗೆ ಮೂಲಪುರುಷ ಅನ್ನಿಸ್ಕೊಂಡ ಬೋಧಿಧರ್ಮನೂ ದಕ್ಷಿಣ ಭಾರತದಿಂದ ಚೀನಾಕ್ಕೆ ಹೋದವನು ಅಂತಲೇ ಪರಂಪರೆ ಹೇಳೋದು. ಸೆಶ್ಶಿನ್ ಅಂದ್ರೆ ಕೆಲವು ದಿನ ಪೂರ್ತಿ ಮೌನದಲ್ಲಿ ಕೂರೋ ಶಿಬಿರ, ಸಾಮಾನ್ಯವಾಗಿ ಒಂದು ವಾರದ್ದು. ಮೊದಲ ಸಲವೇ ಅದಕ್ಕೆ ಧುಮುಕೋಕಿಂತ ಮಾಮೂಲಿ ದಿನಗಳಲ್ಲಿ ಹೋಗಿ ಸ್ವಲ್ಪ ದಿನ ಇದ್ದು ನೋಡೋದು ವಾಸಿ, ಹೋಗೋ ಮುಂಚೆ ಬರೆದು ಜಾಗ ಕೇಳ್ಕೊಳ್ಳಿ, ಆಗ ಅಲ್ಲಿ ಯಾರು ಹೇಳ್ಕೊಡ್ತಾರೆ, ದೊಕುಸನ್ ಇರತ್ತಾ ಅಂತಾನೂ ಕೇಳಿ. ರಾತ್ರಿ ಬಸ್ಸು ಹತ್ತಿದ್ರೆ ಬೆಳಿಗ್ಗೆ ಘಾಟಿ, ಪೆರುಮಾಳ್‌ಮಲೈ ಕೊಡೈ ಟೌನಿಗಿಂತ ಮುಂಚೆಯೇ ಬರತ್ತೆ, ಕಂಡಕ್ಟರ್‌ಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಸೀದಾ ಮೇಲೆ ಹೋಗಿ ವಾಪಸ್ ಇಳೀಬೇಕಾಗತ್ತೆ. ಸ್ವೆಟರ್, ಸಡಿಲ ಪ್ಯಾಂಟು, ದಪ್ಪ ಕಾಲುಚೀಲ ತಗೊಂಡು ಹೋಗಿ, ಜೀನ್ಸ್ ಹಾಕ್ಕೊಂಡು 25 ನಿಮಿಷ ಕೂರೋಕೆ ಆಗಲ್ಲ.